ಘಾಟಿ ಏರುವಾಗ ನಿಲ್ಲುವ ಅಂಬಾಸಿಡರ್: ದೋಷ ಪಂಪಿನದೇ?

ಪ್ರಶ್ನೆ: ನಮ್ಮ ತಂದೆಯವರ ಕಾಲದ ಪೆಟ್ರೋಲ್ ಅಂಬಾಸಿಡರ್ ಮಳೆಗಾಲವಿಡೀ ಶೆಡ್ಡಿನಲ್ಲಿತ್ತು. ಈಚೆಗೆ ಅದರ ಫ್ಯೂಯೆಲ್ ಪಂಪಿಗೆ ಹೊಸ ಡಯಾಫ್ರಮ್ (ಮೇಲೆ ಕೆಳಗೆ ಆಡಿ ಪೆಟ್ರೋಲನ್ನು ಎಳೆದು ತಳ್ಳುವ ಪೊರೆ) ಹಾಕಿಸಿದೆವು. ಮಡಿಕೇರಿ ಪೇಟೆಯಲ್ಲಿ ಓಡಾಡಲು ತೊಂದರೆಯಿಲ್ಲ. ಸಂಪಾಜೆಯಿಂದ ಘಾಟಿ ಹತ್ತುವಾಗ ಮಾತ್ರ ಅರ್ಧ ದಾರಿಯಲ್ಲಿ ಎಳೆತ ಕಳೆದುಕೊಂಡು ನಿಲ್ಲುತ್ತದೆ, ಸ್ವಲ್ಪ ಹೊತ್ತಿನ ನಂತರ ತಾನಾಗಿ ಹೊರಡುತ್ತದೆ. ಎಲೆಕ್ಟ್ರಿಕ್ ಪಂಪ್ ಹಾಕಿಸಬಹುದೇ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಎಲೆಕ್ಟ್ರಿಕ್ ಪಂಪಿನ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ಪೇಟೆಯ ಓಡಾಟಕ್ಕೆ ಸಾಕಾಗುವ ಪೆಟ್ರೋಲ್ ಉದ್ದನೆಯ ಏರಿಗೆ ಸಾಲುತ್ತಿಲ್ಲ, ಅಷ್ಟೇ. ಕಾರಿನ ಮೂತಿ ಮೇಲಾದಾಗ ಹಿಂಭಾಗದ ಟ್ಯಾಂಕಿನಿಂದ ಪಂಪು ಇನ್ನೂ ಎತ್ತರಕ್ಕೆ ಎಳೆಯಬೇಕಾಗುವುದರಿಂದ, ಬೇರೆಡೆ ತೋರದ ಸಣ್ಣ ದೋಷವೂ ಘಾಟಿಯಲ್ಲಿ ಬಯಲಾಗುತ್ತದೆ.

ಮುಂದಿನ ಸಲ ಕಾರು ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಗಾಳಿ ಒಳನುಗ್ಗುವ ಸದ್ದು ಕೇಳಿ, ಕಾರು ಆಗಲೇ ಹೊರಟರೆ, ಮುಚ್ಚಳದ ಗಾಳಿರಂಧ್ರ ಕಟ್ಟಿಕೊಂಡಿದೆ ಎಂದು ತಿಳಿಯಿರಿ. ಅದಲ್ಲವಾದರೆ ಟ್ಯಾಂಕಿನಿಂದ ಪಂಪಿನವರೆಗಿನ ರಬ್ಬರ್ ಹೋಸನ್ನು ನೋಡಬೇಕು. ಪಂಪಿನಿಂದಾಚೆ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನ ಕಡೆ ಬಿರುಕಿದ್ದರೆ ಪೆಟ್ರೋಲ್ ತೊಟ್ಟಿಕ್ಕುತ್ತದೆ. ಪಂಪಿಗಿಂತ ಮೊದಲು, ಟ್ಯಾಂಕಿನ ಕಡೆಯಿದ್ದರೆ ಹೊರಗೆ ಹನಿಯೂ ಕಾಣದೆ ಗಾಳಿ ಒಳಸೇರುತ್ತದೆ. ಈಗ ಬಂಕುಗಳಲ್ಲಿ ಸಿಗುವ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆಯ ರಬ್ಬರ್ ತಾಳುವುದಿಲ್ಲವಾದ್ದರಿಂದ, ಎಥನಾಲ್ ತಾಳುವ ಹೋಸನ್ನೇ ಕೇಳಿ ಹಾಕಿಸಿ.

ಇವೆರಡೂ ಸರಿಯಿದ್ದರೆ ಡಯಾಫ್ರಮ್ ಕೂರಿಸಿದ ರೀತಿಯನ್ನು ನಾನು ಅನುಮಾನಿಸುತ್ತೇನೆ. ಎಂಜಿನ್ನಿನೊಳಗೆ ತಿರುಗುವ ಕ್ಯಾಮ್‌ಶಾಫ್ಟಿನಿಂದ ಚಲಿಸುವ ಪಂಪಿನ ತೋಳು ಡಯಾಫ್ರಮನ್ನು ಕೆಳಕ್ಕೆ ಎಳೆಯುತ್ತದೆಯೇ ಹೊರತು ಮೇಲಕ್ಕೆ ತಳ್ಳುವುದಿಲ್ಲ. ತಳ್ಳುವ ಕೆಲಸ ಅದರಡಿಯ ಸ್ಪ್ರಿಂಗಿನದು. ಆದ್ದರಿಂದ ಪಂಪನ್ನು ಜೋಡಿಸುವಾಗ ತೋಳನ್ನು ಪೂರ್ತಿ ಒತ್ತಿ ಹಿಡಿದು, ಡಯಾಫ್ರಮ್ ಕೆಳಗಿಳಿದ ಸ್ಥಿತಿಯಲ್ಲೇ ಸುತ್ತಲಿನ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಹಾಗೆ ಮಾಡದೆ ಬಿಗಿದರೆ ಡಯಾಫ್ರಮಿನ ಬಟ್ಟೆ ಚಪ್ಪಟೆಯಾಗಿ ಸೆಟೆದುಕೊಂಡು, ತೋಳು ಎಳೆದಷ್ಟು ಕೆಳಗೆ ಬಾರದೆ, ಪ್ರತಿ ಹೊಡೆತಕ್ಕೂ ಪೆಟ್ರೋಲ್ ಕಡಿಮೆಯಾಗುತ್ತದೆ. ಎಂಜಿನ್ ತಣ್ಣಗಿರುವಾಗ, ಬಯಲಿನಲ್ಲಿ, ಕಿಡಿಗೆ ವಿದ್ಯುತ್ ಒದಗಿಸುವ ಕಾಯಿಲಿಗೆ ಬರುವ ಇಗ್ನಿಷನ್ ವೈರನ್ನು ಕಳಚಿ, ಕಾರ್ಬ್ಯುರೇಟರಿಗೆ ಹೋಗುವ ಪೈಪಿನ ತುದಿಯನ್ನು ಸೀಸೆಯೊಳಗಿಟ್ಟು ಸೆಲ್ಫ್ ಹೊಡೆಸಿ ನೋಡಿ: ಪೆಟ್ರೋಲ್ ಚಿಮ್ಮಿ ಚಿಮ್ಮಿ ಬೀಳಬೇಕು, ಗುಳ್ಳೆಗಳಿರಬಾರದು. ಹರಿವು ಸಾಲದೆಂದು ಸ್ಪ್ರಿಂಗನ್ನು ಎಳೆದು ಉದ್ದ ಮಾಡಲು ಯಾರಾದರೂ ಹೊರಟರೆ ಒಪ್ಪಬೇಡಿ. ಒತ್ತಡ ಮಿತಿಮೀರಿದರೆ ಕಾರ್ಬ್ಯುರೇಟರಿಗೆ ಬರುವ ಪೆಟ್ರೋಲನ್ನು ನಿಲ್ಲಿಸುವ ಸೂಜಿ ತಡೆಯಲಾರದೆ ಪೆಟ್ರೋಲ್ ಉಕ್ಕುತ್ತದೆ.

ಪಂಪು ಕಾದು ಪೆಟ್ರೋಲ್ ಆವಿಯಾಗುವುದೂ ಉಂಟು. ನಿಂತ ಕಾರಿನ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದಾಗ ಬೇಗ ಹೊರಟರೆ ಅದೇ ಕಾರಣವಿರಬಹುದು. ಆಗ ಪಂಪಿಗೂ ಎಂಜಿನ್ನಿಗೂ ನಡುವಿನ ದಪ್ಪ ಪ್ಯಾಕಿಂಗ್ ಇದೆಯೇ ಎಂದು ನೋಡಿ.

ಎಂಜಿನ್ ಆಯಿಲ್ ಅಳೆಯುವ ಡಿಪ್‌ಸ್ಟಿಕ್ಕನ್ನೂ ಒಮ್ಮೆ ಮೂಸಿ. ಆಯಿಲ್ ಮಟ್ಟ ಏರಿ, ಪೆಟ್ರೋಲ್ ವಾಸನೆ ಬರುತ್ತಿದ್ದರೆ ಹೊಸ ಡಯಾಫ್ರಮೂ ಸೋರುತ್ತಿರಬಹುದು. ಅದನ್ನು ಸರಿಪಡಿಸಿ ಆಯಿಲ್ ಬದಲಿಸುವವರೆಗೆ ಕಾರನ್ನು ಓಡಿಸಬೇಡಿ.

ಇಷ್ಟಾದ ಮೇಲೂ ಎಲೆಕ್ಟ್ರಿಕ್ ಪಂಪೇ ಬೇಕೆನಿಸಿದರೆ, ಕಾರ್ಬ್ಯುರೇಟರಿಗೆ ಹೊಂದುವ ಕಡಿಮೆ ಒತ್ತಡದ್ದನ್ನೇ ಕೊಳ್ಳಿ. ಇಂಜೆಕ್ಷನ್ ಕಾರಿನ ಪಂಪು ಇದಕ್ಕೆ ಆಗುವುದಿಲ್ಲ.