ಉದ್ದ ತೊಡೆಯವರ ಸ್ಕ್ವಾಟ್

ಪ್ರಶ್ನೆ: ವಯಸ್ಸು 22, ಎತ್ತರ 6 ಅಡಿ 3 ಇಂಚು. ಹೆಗಲ ಮೇಲೆ ಬಾರ್ (ಭಾರ ಹಾಕುವ ಕಬ್ಬಿಣದ ಸರಳು) ಹೊತ್ತು ಸ್ಕ್ವಾಟ್, ಅಂದರೆ ಕುಕ್ಕರಿಸಿ ಏಳುವ ವ್ಯಾಯಾಮ, ಮಾಡುವಾಗ ಮುಂದಕ್ಕೆ ಬಾಗಿಬಿಡುತ್ತೇನೆ. ಮರುದಿನ ತೊಡೆಗಿಂತ ಸೊಂಟವೇ ಜಾಸ್ತಿ ಹಿಡಿದಿರುತ್ತದೆ. ಜಿಮ್‌ನಲ್ಲಿ ಗೆಳೆಯರು ನಗುತ್ತಾರೆ. ಏನು ಮಾಡಲಿ?
– ಓದುಗ, ಕಲಬುರಗಿ

ಉತ್ತರ: ನಗುವವರೆಲ್ಲ ಐದೂವರೆ ಅಡಿಯವರು ಅಲ್ವಾ ತಮ್ಮಾ? ನಿನ್ನ ತೊಡೆಮೂಳೆ ಉದ್ದ ಇರಬೇಕು. ಕೂತಾಗ ಸೊಂಟ ಬಹಳ ಹಿಂದೆ ಹೋಗುತ್ತದೆ. ಬಾರ್ ಪಾದದ ನಡುವಿನ ಮೇಲೇ ನಿಲ್ಲಬೇಕಾದರೆ ಎದೆ ಮುಂದೆ ಬಾಗಲೇಬೇಕು. ಅದು ತಪ್ಪಲ್ಲ. ಬೆನ್ನು ಗೂನಾಗಬಾರದು, ಅಷ್ಟೇ.

ಎರಡೂ ಹಿಮ್ಮಡಿ ಕೆಳಗೆ ಎರಡೂವರೆ ಕಿಲೋದ ಪ್ಲೇಟ್ ಇಡು. ಪಾದ ಸ್ವಲ್ಪ ಅಗಲಿಸಿ, ಡಂಬೆಲ್ ಎದೆಗೆ ಒತ್ತಿ ಹಿಡಿದು ಕೂತು ನೋಡು. ಮೊಣಕಾಲು ಬೆರಳು ದಾಟಿದರೆ ಹೆದರಬೇಡ. ಈಗ ಬೆನ್ನು ನೆಟ್ಟಗಾಗುತ್ತದೆ, ತೊಡೆ ಉರಿಯುತ್ತದೆ. ರೂಢಿಯಾದ ಮೇಲೆ ಬಾರನ್ನು ಹೆಗಲ ಮುಂಭಾಗದಲ್ಲಿ ಹೊತ್ತು ಮಾಡುವ ಫ್ರಂಟ್ ಸ್ಕ್ವಾಟ್‌ಗೆ ಬಾ. ನನ್ನ ಕೇಳಿದರೆ ಎತ್ತರದವರಿಗೆ ಬಲ್ಗೇರಿಯನ್ ಸ್ಪ್ಲಿಟ್ ಸ್ಕ್ವಾಟ್ (ಒಂದು ಕಾಲು ಹಿಂದೆ ಬೆಂಚಿನ ಮೇಲಿಟ್ಟು ಇನ್ನೊಂದು ಕಾಲಲ್ಲಿ ಕೂತೇಳುವುದು) ಇನ್ನೂ ಒಳ್ಳೇದು. ಕಡಿಮೆ ಭಾರದಲ್ಲೇ ಕಾಲು ಸುಸ್ತಾಗುತ್ತದೆ, ಸೊಂಟಕ್ಕೆ ಆರಾಮ. ಹಿಂತೊಡೆಗೆ ರೊಮೇನಿಯನ್ ಡೆಡ್‌ಲಿಫ್ಟ್ (ಮೊಣಕಾಲು ತುಸು ಮಡಿಚಿ, ಸೊಂಟ ಹಿಂದೆ ತಳ್ಳಿ ಬಾರ್ ಇಳಿಸಿ ಎತ್ತುವುದು) ಸಾಕು. ಕೂತು ಕಾಲಿಂದ ಭಾರ ತಳ್ಳುವ ಲೆಗ್ ಪ್ರೆಸ್ ಯಂತ್ರದಲ್ಲಿ ಸೀಟು ಹಿಂದಕ್ಕೆ ಸರಿಸಿಕೋ, ಇಲ್ಲದಿದ್ದರೆ ಕುಂಡಿ ಸೀಟಿನಿಂದ ಎದ್ದು ಸೊಂಟಕ್ಕೆ ಪೆಟ್ಟು.

ನಮ್ಮ ಕಡೆ ಬೇಸಿಗೆಯಲ್ಲಿ ತಗಡಿನ ಜಿಮ್ ಕಾದ ಹಂಚು. ಕಾಲಿನ ದಿನ ಬೆಳಗ್ಗೇನೇ ಮುಗಿಸು. ಸೊಂಟದಿಂದ ಕಾಲಿಗೆ ಜುಮ್ಮೆಂದು ನೋವು ಇಳಿದರೆ ಮಾತ್ರ ಸುಮ್ನೆ ಎಳೆಯಬೇಡ, ಡಾಕ್ಟರಿಗೆ ತೋರಿಸು.