ಸ್ಕಂದಗಿರಿಯ ಅಧಿಕೃತ ಟ್ರೆಕ್ ದಾರಿ, ಜನರೇ ಮಾಡಿಕೊಂಡ ಅಡ್ಡದಾರಿ: ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಎರಡನ್ನೂ ಹಾಕಬಹುದಾ?

ಹಾಕಬಹುದು. ಓಪನ್‌ಸ್ಟ್ರೀಟ್‌ಮ್ಯಾಪ್ ಅಂದ್ರೆ ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ಮ್ಯಾಪ್. ಎರಡು ದಾರಿಗೂ ಕೊಡುವ ಗುರುತು (ಟ್ಯಾಗ್) ಮಾತ್ರ ಬೇರೆ ಇರಬೇಕು. ಎರಡಕ್ಕೂ ಮೊದಲು ‘ಹೈವೇ=ಪಾತ್’ ಅಂತಲೇ ಕೊಡಿ. ಹೈವೇ ಅಂದ್ರೆ ಗಾಬರಿ ಬೇಡ, ಆ ಮ್ಯಾಪ್‌ನಲ್ಲಿ ಕಾಲುದಾರಿಗೂ ಅದೇ ಹೆಸರು. ಜನ, ದನ ಓಡಾಡಿ ಸವೆದ ದಾರಿಗೆ ‘ಇನ್‌ಫಾರ್ಮಲ್=ಯೆಸ್’ ಸೇರಿಸಿ. ಇದನ್ನು ಯಾರೂ ಕಟ್ಟಿಲ್ಲ, ನೋಡಿಕೊಳ್ಳುವವರೂ ಇಲ್ಲ ಅಂತ ಅರ್ಥ.

ಅಲ್ಲಿ ಹೋಗಬಹುದಾ ಅನ್ನೋದು ಬೇರೆ ಪ್ರಶ್ನೆ. ಅದಕ್ಕೆ ‘ಆಕ್ಸೆಸ್’ ಟ್ಯಾಗ್ ಇದೆ. ಸ್ಕಂದಗಿರಿ ಟ್ರೆಕ್‌ಗೆ ಮೊದಲೇ ಬುಕ್ ಮಾಡಬೇಕಲ್ವಾ, ಹಾಗಾಗಿ ಅದಕ್ಕೆ ‘ಪರ್ಮಿಟ್’. ಅರಣ್ಯ ಇಲಾಖೆ ಮುಚ್ಚಿದ ದಾರಿಗೆ ‘ನೋ’.

ಮುಚ್ಚಿದ ದಾರಿಯನ್ನು ಸುಮ್ನೆ ಅಳಿಸಿಬಿಡಬೇಡಿ. ಉಪಗ್ರಹ ಚಿತ್ರದಲ್ಲಿ ಆ ಬಿಳಿ ಗೆರೆ ಕಾಣುತ್ತಲೇ ಇರುತ್ತದೆ. ಇನ್ಯಾರೋ ಅದನ್ನು ನೋಡಿ, ‘ನೋ’ ಹಾಕದೆ ಮತ್ತೆ ಬಿಡಿಸುತ್ತಾರೆ. ಆಮೇಲೆ ಆ್ಯಪ್‌ಗಳು ಜನರನ್ನು ನೇರ ಅಲ್ಲಿಗೇ ಕಳಿಸುತ್ತವೆ.