ಸಂತೆಯಲ್ಲಿ ಕೊಂಡ ಈ ಎರಡು ಕೋಳಿಗಳು ಅಸೀಲ್ ತಳಿಯವೇ? ಇವುಗಳಲ್ಲಿ ಹುಂಜ ಯಾವುದು?

ಹಾವೇರಿ ಸಂತೆಯಲ್ಲಿ ‘ಅಸಲಿ ಅಸೀಲ್’ ಎಂದು ಹೇಳಿ ಕೊಟ್ಟ, ನಾಲ್ಕು ತಿಂಗಳು ತುಂಬಿದ ಎರಡು ಕೋಳಿಗಳ ಚಿತ್ರ ಹಾಕಿ, ತಳಿ ನಿಜವೇ, ಎರಡೂ ಹ್ಯಾಟೆಗಳೇ ಎಂದು ಕೇಳಿದ್ದೀರಿ. ಸವಣೂರಿನ ಹತ್ತಿರ ನಮ್ಮ ಹೊಲದ ಮನೆಯಲ್ಲಿ ಜವಾರಿ ಕೋಳಿಗಳ ಜೊತೆಗೆ ಅಸೀಲನ್ನೂ ಸಾಕುತ್ತಿರುವುದರಿಂದ ಉತ್ತರಿಸುತ್ತಿದ್ದೇನೆ. ಕೆಂಪು–ಕಪ್ಪು ಬಣ್ಣದ್ದು ಹುಂಜ. ಕಂದು ಬಣ್ಣದ್ದು ಹ್ಯಾಟೆ. ತಳಿಯ ವಿಷಯದಲ್ಲಿ ಮಾತ್ರ ಮಾರಿದವರ ಮಾತನ್ನು ಪೂರ್ತಿ ನಂಬುವಂತಿಲ್ಲ.

ನಿಮ್ಮನ್ನು ಗೊಂದಲಕ್ಕೆ ಕೆಡವಿದ್ದು ಜುಟ್ಟು. ಜವಾರಿ ಕೋಳಿಗಳಲ್ಲಿ ಗಂಡುಮರಿಯ ಜುಟ್ಟು ಎರಡು ತಿಂಗಳ ಹೊತ್ತಿಗೇ ಕೆಂಪೇರಿ ಎದ್ದು ಕಾಣುವುದರಿಂದ ನಾವೆಲ್ಲ ಅದನ್ನೇ ಗುರುತು ಮಾಡಿಕೊಂಡಿರುತ್ತೇವೆ. ಅಸೀಲಿನ ಜುಟ್ಟಾದರೋ ಬಟಾಣಿ ಕಾಳುಗಳನ್ನು ಮೂರು ಸಾಲಾಗಿ ಒತ್ತಿ ಕೂರಿಸಿದಂತೆ ತಲೆಗೆ ಅಂಟಿಕೊಂಡೇ ಇರುತ್ತದೆ. ಗಂಟಲ ಕೆಳಗೆ ಜೋಲುವ ಮಾಂಸವೂ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಕೋಳಿಯನ್ನು ಕೈಗೆತ್ತಿಕೊಂಡು, ಬೆನ್ನು ಮುಗಿದು ಬಾಲ ಶುರುವಾಗುವ ಜಾಗದ ಗರಿಗಳನ್ನು ಬಿಡಿಸಿ ನೋಡಿ. ಮೂರು ತಿಂಗಳು ದಾಟಿದ ಹುಂಜನಲ್ಲಿ ಅಲ್ಲಿ ಜೋಳದ ಎಲೆಯ ತುದಿಯಂತೆ ಕಿರಿದಾದ, ಚೂಪಾದ, ಹೊಳೆಯುವ ಗರಿಗಳು ಬಂದು ಇಕ್ಕೆಲಕ್ಕೂ ಇಳಿಬೀಳುತ್ತವೆ. ಹ್ಯಾಟೆಯಲ್ಲಿ ಅವು ಅಗಲವಾಗಿ, ತುದಿ ದುಂಡಾಗಿಯೇ ಉಳಿಯುತ್ತವೆ. ನಿಮ್ಮ ಎರಡನೆಯ ಚಿತ್ರದಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿದೆ. ಕಾಲಿನ ಮುಳ್ಳನ್ನು ನೆಚ್ಚಬೇಡಿ, ಈ ಜಾತಿಯ ಹೆಣ್ಣಿಗೂ ಅದು ಮೂಡುವುದುಂಟು. ಮುಳ್ಳು ಕಂಡು ಹುಂಜವೆಂದು ನಾನೇ ಬೇರೆ ಗೂಡಿಗೆ ಹಾಕಿದ್ದ ಒಂದು ಕೋಳಿ ಹೊಟ್ಟಿನ ಮೂಲೆಯಲ್ಲಿ ಮೊಟ್ಟೆಯಿಟ್ಟು ನನ್ನನ್ನು ನಾಚಿಸಿದೆ.

ಇನ್ನು ತಳಿ. ಅಸೀಲ್ ಎಂಬ ಮಾತಿಗೇ ಶುದ್ಧ, ಕುಲೀನ ಎಂಬ ಅರ್ಥವಿರುವುದರಿಂದ ‘ಅಸಲಿ ಅಸೀಲ್’ ಎನ್ನುವುದು ಸಂತೆಯವರ ಉತ್ಸಾಹವಷ್ಟೇ. ಆಂಧ್ರ, ಒಡಿಶಾ, ಛತ್ತೀಸಗಡದ ಕಡೆಯ ಈ ತಳಿಗೆ ಉದ್ದನೆಯ ಕತ್ತು, ನೆಟ್ಟಗಿನ ನಿಲುವು, ಅಗಲವಾದ ಭುಜ, ದಪ್ಪ ಕಾಲು, ಮೈಗಂಟಿದ ಗಿಡ್ಡ ಗರಿ ಇರಬೇಕು. ನಿಮ್ಮ ಹುಂಜನಲ್ಲಿ ಇವೆಲ್ಲ ಇವೆ. ಯಾಕುಬ್, ಪೀಲಾ, ನೂರಿ, ಕಾಗರ್ ಎಂಬ ಹೆಸರುಗಳು ಅಸೀಲಿನೊಳಗಿನ ಬಣ್ಣದ ಭೇದಗಳು. ಕೆಂಪು–ಕಪ್ಪಿನದನ್ನು ಯಾಕುಬ್ ಎನ್ನುತ್ತಾರೆ. ಆದರೆ ಹ್ಯಾಟೆಯ ತಲೆಯ ಮೇಲೆ ಗರಗಸದ ಹಲ್ಲಿನಂತಹ ಒಂಟಿ ಜುಟ್ಟು ನಿಂತಿದೆ. ಬಟಾಣಿ ಜುಟ್ಟಿನ ಗುಣ ಒಂಟಿ ಜುಟ್ಟಿನ ಗುಣವನ್ನು ಮುಚ್ಚಿಹಾಕುವಂಥದ್ದಾದ್ದರಿಂದ, ಒಂಟಿ ಜುಟ್ಟು ಹೊರಗೆ ಕಾಣಬೇಕಾದರೆ ಅದು ತಂದೆ ತಾಯಿ ಇಬ್ಬರಿಂದಲೂ ಬಂದಿರಬೇಕು. ಎಂದರೆ ಅವಳ ಎರಡೂ ಕಡೆಯಲ್ಲಿ ಬೇರೆ ರಕ್ತ ಸೇರಿದೆ. ಇದೇ ಕಾರಣಕ್ಕೆ ಬಟಾಣಿ ಜುಟ್ಟಿದ್ದ ಮಾತ್ರಕ್ಕೆ ಹುಂಜವೂ ಶುದ್ಧವೆನ್ನಲಾಗದು. ಮುಂದೆ ಅದನ್ನು ಒಂಟಿ ಜುಟ್ಟಿನ ಜವಾರಿ ಹ್ಯಾಟೆಯೊಂದಿಗೆ ಬಿಟ್ಟು ಮರಿ ಮಾಡಿಸಿ ನೋಡಿ: ಹುಂಜ ಬೆರಕೆಯಾಗಿದ್ದು ಒಂಟಿ ಜುಟ್ಟಿನ ಗುಣವನ್ನು ಒಳಗಿಟ್ಟುಕೊಂಡಿದ್ದರೆ ಹೆಚ್ಚುಕಡಿಮೆ ಅರ್ಧದಷ್ಟು ಮರಿಗಳಿಗೆ ಒಂಟಿ ಜುಟ್ಟು ಬರುತ್ತದೆ.